ಚಿಕ್ಕ ಕೋಣೆಯ ಕಂಪ್ಯೂಟರ್

ಮಗು ಹುಟ್ಟುವ ಮೊದಲು ಅದಕ್ಕೆಂದು ಏನನ್ನೂ ಕೊಂಡು ತರಬಾರದು ಎನ್ನುವುದು ನಮ್ಮ ಮನೆಯಲ್ಲೂ ಇತ್ತು, ಹೆಂಡತಿಯ ಮನೆಯಲ್ಲೂ ಇತ್ತು. ನಾನು ಹಾಸನದ ಕಡೆಯವನು. ಅವಳದು ಬಾಗಲಕೋಟೆಯಿಂದ ಬಂದು ಅಜ್ಜನ ಕಾಲದಿಂದ ಪುಣೆಯ ಪೇಟೆಯಲ್ಲಿ ಸೀರೆ ವ್ಯಾಪಾರ ಮಾಡಿಕೊಂಡಿರುವ ಮನೆತನ. ಸಾರಿಗೆ ಬೆಲ್ಲ ಹಾಕಬೇಕೋ ಬೇಡವೋ ಎನ್ನುವುದರಿಂದ ಹಿಡಿದು ಎಲ್ಲದರಲ್ಲೂ ಬೇರೆಯಾಗಿದ್ದ ಎರಡು ಕುಟುಂಬಗಳು ಈ ವಿಷಯದಲ್ಲಿ ಮಾತ್ರ ಒಂದೇ ಮಾತಾಡಿದವು. ಹಾಗಾಗಿ ಪುಣೆಯ ಖರಾಡಿ ಬಡಾವಣೆಯ ನಮ್ಮ ಫ್ಲ್ಯಾಟಿನ ಚಿಕ್ಕ ಕೋಣೆಯಲ್ಲಿ ನಾವು ಮಾಡಿದ ತಯಾರಿ ಎಂದರೆ ಅಲ್ಲಿದ್ದ ಹಳೆಯ ಮಂಚವನ್ನು ಯಾರಿಗೋ ಕೊಟ್ಟು, ನೆಲ ತೊಳೆದು, ಖಾಲಿ ಬಿಟ್ಟದ್ದು. ತೊಟ್ಟಿಲು ಅವಳ ತವರಿನಿಂದ ಬರಬೇಕಿತ್ತು, ಹೆಸರಿಡುವ ದಿನಕ್ಕೆ.

ಏಳನೆಯ ತಿಂಗಳು ಮುಗಿಯುತ್ತ ಬಂದಾಗ, ಸಂಕ್ರಾಂತಿ ಕಳೆದ ವಾರದಲ್ಲಿ, ಮಗು ಹೊಟ್ಟೆಯೊಳಗೇ ತೀರಿಕೊಂಡಿತು. ಬೆಳಿಗ್ಗೆ ಆಫೀಸಿಗೆ ಹೊರಟವಳು ಚಪ್ಪಲಿ ಮೆಟ್ಟುತ್ತ, "ನಿನ್ನೆ ರಾತ್ರಿಯಿಂದ ಮಿಸುಕಾಡವಲ್ದು" ಅಂದಳು. ಆಸ್ಪತ್ರೆಯಲ್ಲಿ ಡಾಕ್ಟರು ಸ್ಕ್ಯಾನಿಂಗ್ ಪರದೆಯನ್ನು ತಮ್ಮ ಕಡೆಗೆ ತಿರುಗಿಸಿಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಹೆರಿಗೆಯ ನೋವು ಬರಿಸಿ ಹೆರಿಗೆ ಮಾಡಿಸಿದರು. ಹೆಣ್ಣು ಮಗು. ನೋಡುತ್ತೀರಾ ಎಂದು ನರ್ಸ್ ಕೇಳಿದಾಗ ಹೆಂಡತಿ ಗೋಡೆಯ ಕಡೆಗೆ ಮುಖ ತಿರುಗಿಸಿದಳು. ನಾನು ನೋಡಿದೆ. ಮಣ್ಣು ಮಾಡಲು ನಾನು ಮತ್ತು ಮಾವ, ಇಬ್ಬರೇ ಹೋದೆವು. ಕಾರಿನ ಹಿಂದಿನ ಸೀಟಿನಲ್ಲಿ ಮಾವ ಮಗುವನ್ನು ತೊಡೆಯ ಮೇಲಿಟ್ಟುಕೊಂಡಿದ್ದರು. ಅಂಗಡಿಯಿಂದ ತಂದ ಹೊಸ ಬಿಳಿ ಬಟ್ಟೆಯಲ್ಲಿ ಸುತ್ತಿದ್ದರು. ಒಂದು ಕಡೆ ರಸ್ತೆಯುಬ್ಬು ಬಂದಾಗ ಮಾತ್ರ, "ಸಾವಕಾಶ ಹೊಡೀರಿ" ಅಂದರು.

ಮನೆಗೆ ಬಂದ ಮೇಲೆ ತೆಗೆದಿಡಲು ಏನೂ ಇರಲಿಲ್ಲ. ಬಟ್ಟೆ, ಆಟಿಕೆ, ಟೋಪಿ, ಕಾಲುಚೀಲ, ಒಂದೂ ಇಲ್ಲ. ಬಚ್ಚಿಡಬೇಕಾದ ವಸ್ತುವೇ ಇಲ್ಲದ ಮನೆ. ಬರೀ ಒಂದು ಖಾಲಿ ಕೋಣೆ. ಅದರ ಬಾಗಿಲನ್ನು ಯಾರು ಮುಚ್ಚಿದರೋ ಗೊತ್ತಿಲ್ಲ, ಅತ್ತೆಯಿರಬಹುದು. ಮುಚ್ಚಿದ್ದು ಹಾಗೇ ಇತ್ತು. ಕೆಲಸದಾಕೆ ಗುಡಿಸುವಾಗಲೂ ಆ ಬಾಗಿಲವರೆಗೆ ಬಂದು ತಿರುಗಿಬಿಡುತ್ತಿದ್ದಳು.

ಹೆಂಡತಿ ಒಂದೂವರೆ ತಿಂಗಳು ತವರಿನಲ್ಲಿದ್ದು ವಾಪಸು ಬಂದಳು, ಕೆಲಸಕ್ಕೂ ಹೋಗತೊಡಗಿದಳು. ಟ್ರ್ಯಾಕ್ಟರುಗಳಿಗೆ ರೇಡಿಯೇಟರ್ ತಯಾರಿಸುವ ಕಂಪನಿಯಲ್ಲಿ ಅವಳು ಇಂಜಿನಿಯರ್. ನಾನು ಮನೆಯ ಹತ್ತಿರದ ಐಟಿ ಪಾರ್ಕಿನಲ್ಲಿ ಸಾಫ್ಟ್‌ವೇರ್ ಪರೀಕ್ಷೆ ಮಾಡುವ ಕೆಲಸದವನು. ಸಿಕ್ಕವರೆಲ್ಲ ನನ್ನನ್ನು ಕೇಳುತ್ತಿದ್ದುದು ಒಂದೇ: "ಅವಳು ಹೇಗಿದ್ದಾಳೆ?" ನಾನು "ಪರವಾಗಿಲ್ಲ" ಅನ್ನುತ್ತಿದ್ದೆ. ನೀನು ಹೇಗಿದ್ದೀಯ ಎಂದು ಕೇಳಿದವರು ಯಾರೂ ನೆನಪಿಲ್ಲ. ಅವರದು ತಪ್ಪೆಂದು ಹೇಳುತ್ತಿಲ್ಲ. ಕೇಳಿದ್ದರೆ ನಾನು ಏನು ಹೇಳುತ್ತಿದ್ದೆನೋ ನನಗೂ ಗೊತ್ತಿಲ್ಲ. ಮನೆಯಲ್ಲಿ ನಾವಿಬ್ಬರೂ ಮಾತ್ರೆ ತಗೊಂಡೆಯಾ, ಹಾಲು ತರಲಾ, ಗ್ಯಾಸ್ ಬುಕ್ ಮಾಡಿದೆಯಾ ಎನ್ನುವಷ್ಟು ಮಾತಾಡಿ ಮಲಗುತ್ತಿದ್ದೆವು.

ಯುಗಾದಿ ಕಳೆದ ಮೇಲೆ ಒಂದು ಭಾನುವಾರ ಬೆಳಿಗ್ಗೆ ನಾನು ಅಡುಗೆಮನೆಯಿಂದ ಹೊರಬಂದಾಗ ಚಿಕ್ಕ ಕೋಣೆಯ ಬಾಗಿಲು ತೆರೆದಿತ್ತು. ಹೆಂಡತಿ ಹೊಸ್ತಿಲ ಮೇಲೆ ಚಹದ ಕಪ್ಪು ಹಿಡಿದು ನಿಂತಿದ್ದಳು.

"ಇಲ್ಲಿ ಏನರೆ ಇಡೂಣು" ಅಂದಳು.

"ಏನು?"

"ಕಂಪ್ಯೂಟರ್. ಗೇಮಿಂಗಿಂದು. ಛಲೋದು ಒಂದು ತರೂಣು. ಹಿಂಗ ಖಾಲಿ ಖೋಲಿ ನೋಡ್ಕೋತ ನನಗ ಇರಾಕ ಆಗೂದಿಲ್ಲ."

ಅವಳು ಕೇಳಿದ್ದು ವಿಚಿತ್ರವೇನಲ್ಲ. ನಾವು ಒಬ್ಬರಿಗೊಬ್ಬರು ಸಿಕ್ಕಿದ್ದೇ ಆಟದಲ್ಲಿ. ಪುಣೆಗೆ ಬಂದ ಹೊಸತರಲ್ಲಿ ನಾನು ಪಿಜಿಯಲ್ಲಿ ಕೂತು ಇಂಟರ್ನೆಟ್ಟಿನಲ್ಲಿ ತಂಡ ಕಟ್ಟಿಕೊಂಡು ಆಡುವ ಒಂದು ಆಟ ಆಡುತ್ತಿದ್ದೆ. ಒಂದು ದಿನ ಸೋತ ಸಿಟ್ಟಿಗೆ ಮೈಕಿನಲ್ಲಿ ಕನ್ನಡದಲ್ಲಿ ಬೈದೆ. "ಯಾವೂರಪಾ ನಿಂದು?" ಎಂದು ಒಂದು ಹೆಣ್ಣು ದನಿ ಕೇಳಿತು. ಅವಳು ತನ್ನ ಅಪ್ಪನ ಮನೆಯ ಅಟ್ಟದ ಮೇಲೆ ಕೂತು ಆಡುತ್ತಿದ್ದಳು. ನನಗಿಂತ ಚೆನ್ನಾಗಿ ಆಡುತ್ತಿದ್ದಳು. ಈಗಲೂ ಅಷ್ಟೇ. ಮದುವೆಯಾದ ಮೇಲೆ ಎರಡು ಲ್ಯಾಪ್‌ಟಾಪುಗಳಲ್ಲಿ ಎದುರುಬದುರು ಕೂತು ಆಡುತ್ತಿದ್ದೆವು. ಅವು ಕಾದು ಕಾದು ಕೆಟ್ಟವು. ಆಮೇಲೆ ಮಗುವಿನ ಸುದ್ದಿ ಬಂತು, ಆಟ ನಿಂತಿತು.

ಆದರೂ ಅವಳ ಮಾತು ಕೇಳಿ ನನಗೆ ಕಸಿವಿಸಿಯಾಯಿತು. ಆ ಕೋಣೆಯಲ್ಲಿ ಆಟವೇ? ಅಮ್ಮನಿಗೆ ಫೋನು ಮಾಡಿದಾಗ ಬಾಯಿ ತಪ್ಪಿ ಹೇಳಿದೆ. ಅಮ್ಮ, "ದೇವರ ಫೋಟೋ ಇಟ್ಟು ಒಂದು ದೀಪ ಹಚ್ಚೋದ್ ಬಿಟ್ಟು ಗೇಮ್ ಅಂತೆ, ಗೇಮು. ನಿಮಗೆ ಬುದ್ಧಿ ಹೇಳೋಕೆ ನಾನ್ಯಾರು ಬಿಡಪ್ಪ" ಅಂದರು. ಅದನ್ನು ನಾನು ಹೆಂಡತಿಗೆ ಹೇಳಲಿಲ್ಲ.

ಹೇಳಿದ್ದು ಬೇರೆ. "ಬಿಡಿಭಾಗ ತಂದು ನಾನೇ ಜೋಡಿಸ್ತೀನಿ. ಕಾಲೇಜಲ್ಲಿ ಫ್ರೆಂಡ್ಸ್‌ಗೆಲ್ಲ ನಾನೇ ಮಾಡಿಕೊಟ್ಟಿದ್ದೆ. ಕಡಿಮೆಗೂ ಆಗುತ್ತೆ."

"ಬ್ಯಾಡ" ಅಂದಳು. "ಜೋಡಿಸಿದ್ದ ತರೂಣು. ಇವತ್ತ ಒಂದು ಬಂತು, ಇನ್ನೊಂದು ಬರಲಿಲ್ಲ, ಅದು ಕೂಡವಲ್ದು, ಇದು ಚಾಲೂ ಆಗವಲ್ದು, ಅದೆಲ್ಲಾ ನನಗ ಬ್ಯಾಡ. ಮನಿಗೆ ಬಂದ ಕೂಡ್ಲೆ ಚಾಲೂ ಆಗಬೇಕು."

ಜೋಡಿಸಿದ್ದನ್ನೇ ತರುವುದೆಂದು ಆಯಿತು.

ತೊಂದರೆ ಇದ್ದದ್ದು ಕೋಣೆಯದು. ಪಶ್ಚಿಮದ ಗೋಡೆ, ಒಂದೇ ಕಿಟಕಿ, ಅದೂ ಎದುರು ಕಟ್ಟಡದ ಬೆನ್ನಿಗೆ. ಏಪ್ರಿಲಿನಲ್ಲಿ ಮಧ್ಯಾಹ್ನ ಕಳೆಯುವ ಹೊತ್ತಿಗೆ ಗೋಡೆ ಮುಟ್ಟಿದರೆ ರೊಟ್ಟಿಯ ಹಂಚು ಮುಟ್ಟಿದ ಹಾಗೆ. ಎಸಿ ನಮ್ಮ ಮಲಗುವ ಕೋಣೆಯಲ್ಲಿ ಮಾತ್ರ ಇತ್ತು. ಆಟದ ಕಂಪ್ಯೂಟರ್ ಎಂದರೆ ಅದೇ ಒಂದು ಒಲೆ. ಆಟದ ಚಿತ್ರಗಳನ್ನು ಮೂಡಿಸುವ ಒಳಗಿನ ಗ್ರಾಫಿಕ್ಸ್ ಕಾರ್ಡು ಕಾದರೆ ಆಟ ತಡವರಿಸುತ್ತದೆ, ಫ್ಯಾನುಗಳು ಕಿರುಚುತ್ತವೆ, ಕೊನೆಗೆ ಯಂತ್ರವೇ ಆಫ್ ಆಗುತ್ತದೆ. ಆದ್ದರಿಂದ ಅವಳು ಮೊದಲು ನೋಡಿದ್ದು ಒಳಗೇನಿದೆ ಎನ್ನುವುದನ್ನಲ್ಲ, ಅದನ್ನೆಲ್ಲ ಇಟ್ಟಿರುವ ಹೊರಗಿನ ಪೆಟ್ಟಿಗೆಯನ್ನು, ಕ್ಯಾಬಿನೆಟ್ಟನ್ನು. ಗಾಳಿ ಎಲ್ಲಿಂದ ಒಳಗೆ ಬರುತ್ತದೆ, ಎಲ್ಲಿಂದ ಹೊರಗೆ ಹೋಗುತ್ತದೆ ಎನ್ನುವುದನ್ನು.

ಊಟವಾದ ಮೇಲೆ ಟೇಬಲ್ ಒರೆಸಿ ಇಬ್ಬರೂ ಒಂದೇ ಫೋನಿನಲ್ಲಿ ರೆಡಿಮೇಡ್ ಕಂಪ್ಯೂಟರುಗಳ ಚಿತ್ರ ನೋಡುತ್ತ ಕೂಡುವುದು ರೂಢಿಯಾಯಿತು. ಬಹುಪಾಲು ಎಲ್ಲದಕ್ಕೂ ಮುಂದೆ ಗಾಜು, ಗಾಜಿನ ಹಿಂದೆ ಬಣ್ಣ ಬದಲಿಸುವ ದೀಪಗಳು. ನನಗೆ ಚೆಂದವಾಗಿಯೇ ಕಾಣುತ್ತಿತ್ತು. ಅವಳು ಚಿತ್ರವನ್ನು ದೊಡ್ಡದು ಮಾಡಿ ಅಂಚು ಹುಡುಕುತ್ತಿದ್ದಳು.

"ಇಲ್ಲಿ ನೋಡು. ಗಾಜಿನ ಬಾಜೂಕ ಇಷ್ಟ ಸಂದಿ ಅದ. ಮೂರು ಫ್ಯಾನ್ ಹಚ್ಯಾರಂತ. ಹಚ್ಚಿ ಏನ್ ಮಾಡೂದು, ಗಾಳಿ ಎಲ್ಲಿಂದ ಎಳೀಬೇಕು ಅವು?"

"ಸೈಡಿಂದ ಬರುತ್ತಲ್ಲ."

"ಬರ್ತದ, ಸ್ಟ್ರಾ ಹಚ್ಚಿ ಉಸಿರಾಡಿಧಂಗ. ಒಳಗ ಉಸಿರುಗಟ್ಟಿ..."

ಅಷ್ಟಕ್ಕೆ ನಿಲ್ಲಿಸಿದಳು. ನಾನು ನೀರು ಕುಡಿಯಲು ಎದ್ದೆ. ವಾಪಸು ಬಂದಾಗ ಅವಳು ಹಳೆಯ ಲಕೋಟೆಯೊಂದರ ಹಿಂದೆ ಪೆನ್ನಿನಿಂದ ಒಂದು ಪೆಟ್ಟಿಗೆ ಬರೆದು ಬಾಣಗಳನ್ನು ಹಾಕುತ್ತಿದ್ದಳು. ಮುಂದಿನಿಂದ ಮತ್ತು ಕೆಳಗಿನಿಂದ ಒಳಗೆ, ಹಿಂದಿನಿಂದ ಮತ್ತು ಮೇಲಿನಿಂದ ಹೊರಗೆ. ಮುಂಭಾಗ ಪೂರ್ತಿ ಜಾಲರಿ ಇರಬೇಕು, ಜಾಲರಿಯ ಒಳಗೆ ಧೂಳು ತಡೆಯುವ ತೆಳು ಪರದೆ ಇರಬೇಕು, ಅದನ್ನು ಕಳಚಿ ತೊಳೆಯಲು ಬರಬೇಕು ಅಂದಳು. ಖರಾಡಿಯಲ್ಲಿ ನಾಲ್ಕೂ ಕಡೆ ಕಟ್ಟಡ ಏಳುತ್ತಿದ್ದವು. ಬೆಳಿಗ್ಗೆ ಒರೆಸಿದ ಕಿಟಕಿಯ ಮೇಲೆ ಸಂಜೆಗೆ ಬೆರಳಲ್ಲಿ ಹೆಸರು ಬರೆಯಬಹುದಿತ್ತು. ಆ ರಾತ್ರಿ ಅವಳು ಬಹಳ ತಿಂಗಳುಗಳ ನಂತರ ಸತತವಾಗಿ ಮಾತಾಡಿದಳು. ಕಂಪನಿಯಲ್ಲಿ ಯಾರೋ ಫ್ಯಾನನ್ನು ತಿರುಗುಮುರುಗಾಗಿ ಕೂರಿಸಿ ಎಂಜಿನ್ನು ಕಾಯಿಸಿದ ಕತೆಯನ್ನೂ ಹೇಳಿದಳು. ನಗಲಿಲ್ಲ, ಆದರೆ ನಗುವ ಕತೆ ಎಂದು ಗೊತ್ತಿದ್ದು ಹೇಳಿದಳು. ನನಗೆ ಅಷ್ಟು ಸಾಕಾಗಿತ್ತು.

ಮೊದಲು ವಿಮಾನ ನಗರದ ಕಡೆ ಒಂದು ದೊಡ್ಡ ಶೋರೂಮಿಗೆ ಹೋದೆವು. ತಣ್ಣನೆಯ ಎಸಿಯಲ್ಲಿ ಗಾಜಿನ ಪೆಟ್ಟಿಗೆಗಳು ಮೀನಿನ ತೊಟ್ಟಿಗಳ ಹಾಗೆ ಸಾಲಾಗಿ ಹೊಳೆಯುತ್ತಿದ್ದವು. ಅವಳು ಒಂದೊಂದರ ಮುಂದೆಯೂ ಬಗ್ಗಿ ಅಂಗೈ ಹಿಡಿದಳು. ಗಾಳಿ ಎಳೆಯುತ್ತದೋ ಇಲ್ಲವೋ ನೋಡುತ್ತಿದ್ದಳು. ಮಾರುವವನಿಗೆ ಅವಳು ಏನು ಮಾಡುತ್ತಿದ್ದಾಳೆಂದು ತಿಳಿಯಲಿಲ್ಲ. "ಮ್ಯಾಡಮ್, ಲೈಟಿನ ಬಣ್ಣ ಮೊಬೈಲಿಂದಲೇ ಬದಲಾಯಿಸಬಹುದು" ಎಂದು ಹಿಂದಿಯಲ್ಲಿ ಹೇಳುತ್ತಲೇ ಇದ್ದ. ಬಹಳ ಹೊತ್ತು ಓಡಿಸಿ ಬಿಸಿ ಎಷ್ಟಾಗುತ್ತದೆ ತೋರಿಸುತ್ತೀರಾ ಎಂದು ಅವಳು ಕೇಳಿದ್ದಕ್ಕೆ ಹಾಗೆಲ್ಲ ತೋರಿಸುವುದಿಲ್ಲ ಅಂದ. ಹೊರಗೆ ಬಂದೆವು.

ಮುಂದಿನ ಶನಿವಾರ ಮಾವನ ಅಂಗಡಿಗೆ ಹತ್ತಿರದ ಒಂದು ಹಳೆಯ ಕಟ್ಟಡಕ್ಕೆ ಹೋದೆವು. ಮೂರು ಅಂತಸ್ತಿನ ತುಂಬ ಕಂಪ್ಯೂಟರಿನ ಅಂಗಡಿಗಳು. ಮೇಲಿನ ಅಂತಸ್ತಿನಲ್ಲಿ, ಮೂಲೆಯಲ್ಲಿ, ಅರವತ್ತು ದಾಟಿದ ಒಬ್ಬ ಮರಾಠಿ ಗೃಹಸ್ಥರ ಅಂಗಡಿ. ತಾವೇ ಜೋಡಿಸಿದ ಕಂಪ್ಯೂಟರುಗಳನ್ನು ತಯಾರಿಟ್ಟು ಮಾರುತ್ತಿದ್ದರು. ಹೆಂಡತಿಗೆ ಮರಾಠಿ ಮನೆಮಾತಿನಷ್ಟೇ ಸಲೀಸು. ನನಗೆ ಅರ್ಥವಾಗುತ್ತದೆ, ಮಾತಾಡಲು ಹೋದರೆ ತಡವರಿಸುತ್ತೇನೆ. ಗಾಜು ಬೇಡ, ಮುಂದೆ ಜಾಲರಿ ಬೇಕು ಎಂದು ಅವಳು ಹೇಳಿದ್ದೇ ಅವರು ಖುಷಿಯಾಗಿ ಒಳಗಿನಿಂದ ಒಂದು ಕಪ್ಪು ಪೆಟ್ಟಿಗೆಯನ್ನು ತಳ್ಳಿಕೊಂಡು ಬಂದರು. ದೀಪಗೀಪ ಇಲ್ಲ. ಮುಂಭಾಗದ ತುಂಬ ಜಾಲರಿ, ಅದರ ಹಿಂದೆ ಎರಡು ದೊಡ್ಡ ಫ್ಯಾನು, ಹಿಂಬದಿಗೆ ಒಂದು, ಮೇಲೆ ಬಿಸಿ ಹೋಗಲು ತೂತುಗಳು. ಮುಂದಿನ ಜಾಲರಿಯನ್ನು ಹಿಡಿದೆಳೆದರೆ ಕಳಚಿ ಬರುತ್ತಿತ್ತು.

ಅವಳು ಮಂಡಿಯೂರಿ ಕೂತು ಅದರ ಮುಂದೆ ಅಂಗೈ ಹಿಡಿದಳು. "ಹಾಂ" ಅಂದಳು, ನನ್ನನ್ನು ನೋಡಿ.

ಅಂಗಡಿಯವರು ಯಂತ್ರಕ್ಕೆ ಭಾರವಾಗುವ ಒಂದು ಆಟ ಹಚ್ಚಿ, ಪರದೆಯ ಮೂಲೆಯಲ್ಲಿ ಬಿಸಿಯ ಅಂಕಿ ಕಾಣುವ ಹಾಗೆ ಮಾಡಿ, ನಮಗೆ ಸ್ಟೂಲು ಕೊಟ್ಟು ಚಹ ತರಿಸಿದರು. ಅಂಕಿ ಏರಿತು, ಏರಿ ಒಂದು ಕಡೆ ನಿಂತಿತು. ಮುಂದೆ ಹೋಗಲಿಲ್ಲ. ಹೆಂಡತಿ ಕಣ್ಣು ಕೀಳದೆ ನೋಡುತ್ತಿದ್ದಳು. ಆಸ್ಪತ್ರೆಯಲ್ಲಿಯೂ, ಡಾಕ್ಟರು ತಿರುಗಿಸಿಕೊಳ್ಳುವ ಮೊದಲು, ಒಂದು ಪರದೆಯನ್ನು ಹೀಗೇ ನೋಡಿದ್ದಳಲ್ಲ ಎಂದು ನನಗೆ ನೆನಪಾಗಿ, ಎದ್ದು ಹೊರಗಿನ ವರಾಂಡಕ್ಕೆ ಹೋಗಿ ಒಂದು ನಿಮಿಷ ನಿಂತು ಬಂದೆ.

ವಾಪಸು ಬಂದು ಕೂತಾಗ ಅಂಗಡಿಯವರು ಅವಳನ್ನು ಕೇಳುತ್ತಿದ್ದರು. "ಮುಲಾಸಾಠಿ ಘೇತಾಯ್ ಕಾ?" ಮಗನಿಗಾಗಿ ತಗೊಳ್ತಿದ್ದೀರಾ ಎಂದು. ಅಲ್ಲಿಗೆ ಬರುವ ನಮ್ಮ ವಯಸ್ಸಿನವರಲ್ಲಿ ಹೆಚ್ಚಿನವರು ಮಕ್ಕಳಿಗಾಗಿಯೇ ಬರುತ್ತಿದ್ದಿರಬೇಕು.

ಅವಳು, "ಹೋ. ಮುಲೀಸಾಠಿ" ಅಂದಳು. ಹೌದು, ಮಗಳಿಗೆ.



ಎಷ್ಟನೇ ಕ್ಲಾಸು ಎಂದು ಅವರು ಕೇಳಿದರು. ಇನ್ನೂ ಚಿಕ್ಕವಳು ಅಂದಳು. ಅವರು ನನ್ನ ಕಡೆ ತಿರುಗಿ, "ಮಗ್ ಬಾಬಾಚ್ ಖೇಳಣಾರ್!" ಎಂದು ನಕ್ಕರು. ಹಾಗಾದರೆ ಅಪ್ಪನೇ ಆಡುವವನು ಎಂದು. ನಾನೂ ನಕ್ಕಿರಬೇಕು. ಆಮೇಲೆ ಅವರು ಕಾಳಜಿಯಿಂದ ಒಂದೊಂದಾಗಿ ಹೇಳಿದರು. ನೆಲದ ಮೇಲೆ ಇಡಬೇಡಿ, ಧೂಳನ್ನೂ ಎಳೆಯುತ್ತದೆ, ಮಗು ಹಿಂದಿನ ಫ್ಯಾನಿಗೆ ಬೆರಳು ಹಾಕುತ್ತದೆ. ಮೇಜಿನ ಮೇಲಿಡಿ, ಗೋಡೆಯಿಂದ ಒಂದು ಗೇಣು ಮುಂದಕ್ಕಿರಲಿ, ಬಿಸಿ ಗಾಳಿ ಹೋಗಲು ಜಾಗ ಬೇಕು. ಆನ್ ಮಾಡುವ ಗುಂಡಿ ಮೇಲ್ಗಡೆ ಇದೆ, ಪುಟ್ಟ ಮಕ್ಕಳಿಗೆ ಎಟುಕುವುದಿಲ್ಲ. ಹೆಂಡತಿ ಎಲ್ಲಕ್ಕೂ ತಲೆಯಾಡಿಸುತ್ತ ಕೇಳಿದಳು. ಅದನ್ನೇ ತೆಗೆದುಕೊಳ್ಳುವುದೆಂದು ಆಯಿತು. ಹೊರಡುವಾಗ ಅವರು ಗಲ್ಲಾಪೆಟ್ಟಿಗೆಯ ಪಕ್ಕದ ಡಬ್ಬಿಯಿಂದ ಒಂದು ಚಾಕಲೇಟು ತೆಗೆದು ಅವಳ ಕೈಗಿಟ್ಟು, ಮಗಳಿಗೆ ಕೊಡಿ ಅಂದರು.

ಲಿಫ್ಟಿನಲ್ಲಿ ಅವಳು ಚಾಕಲೇಟು ಬಿಚ್ಚಿ, ಮುರಿದು, ಅರ್ಧ ನನಗೆ ಕೊಟ್ಟಳು. ಇನ್ನರ್ಧ ತಾನು ತಿಂದಳು. ನಾನು ನನ್ನ ಪಾಲನ್ನು ಬಾಯಿಗೆ ಹಾಕಿಕೊಂಡೆ.

ಕಾರಿನಲ್ಲಿ ಕೂತ ಮೇಲೆ ಕೇಳಿಯೇಬಿಟ್ಟೆ. "ಯಾಕೆ ಹಾಗಂದೆ?"

"ಮತ್ತೇನನ್ಲಿ? ಮಕ್ಕಳಿಲ್ಲ ಅಂದ್ರ ಲಗ್ನಾಗಿ ಎಷ್ಟ ವರ್ಷಾತು ಅಂತ ಕೇಳ್ತಾರ. ಹೌದು ಅಂದ್ರ ಅಲ್ಲಿಗೇ ಮುಗೀತು."

"ಸುಳ್ಳು ಹೇಳೋದು ಬೇಕಿತ್ತಾ? ಅವರು ಫ್ಯಾನು ಬೆರಳು ಅಂತೆಲ್ಲ ಹೇಳ್ತಿದ್ರೆ ನೀನು ತಲೆ ಆಡಿಸ್ಕೊಂಡು..."

"ಸುಳ್ಳಲ್ಲ ಅದು" ಅಂದಳು. ದನಿ ಏರಿತು. "ನನಗ ಮಗಳ ಹುಟ್ಟಿದ್ದು. ಒಮ್ಮೆರೆ ಯಾರ ಮುಂದರೆ ಮಗಳ ಅದಾಳ ಅಂತ ಅನ್ನಬೇಕನಿಸ್ತು. ಗುರುತಿಲ್ಲದ ಮನಷ್ಯಾನ ಮುಂದ ಅಂದ್ನಿ. ನಿನಗೇನಾತು?"

"ನನಗೇನಾಯ್ತಾ? ನನಗೂ ಅವಳು ಮಗಳೇ ಕಣೇ."

ನಾನು ಅಷ್ಟು ಜೋರಾಗಿ ಹೇಳಿದ್ದು ನನಗೇ ಗಾಬರಿಯಾಯಿತು. ಪಕ್ಕದಲ್ಲಿ ಸ್ಕೂಟರ್ ನಿಲ್ಲಿಸಿದ್ದವನು ತಿರುಗಿ ನೋಡಿದ. ಅವಳು ನನ್ನನ್ನು ಬಹಳ ಹೊತ್ತು ನೋಡಿದಳು. ಮಗು ಹೋದ ಮೇಲೆ ಅವಳ ಮುಂದೆ ನಾನು ಅತ್ತಿರಲಿಲ್ಲ. ಅವಳಿಗೆ ಇನ್ನಷ್ಟು ಭಾರವಾಗುತ್ತದೆಂದು ಸ್ನಾನದ ಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದೆ. ನನಗೆ ಏನೂ ಆಗಿಲ್ಲ ಎಂದು ಅವಳು ತಿಳಿದಿದ್ದಳಂತೆ. ಆ ಪಾರ್ಕಿಂಗಿನಲ್ಲಿ, ಹಿಂದಿನವನು ಹಾರ್ನ್ ಹೊಡೆಯುತ್ತಿದ್ದರೂ, ನಾನು ಸ್ಟೀರಿಂಗಿನ ಮೇಲೆ ಹಣೆಯಿಟ್ಟು ಅತ್ತೆ. ಅವಳು ನನ್ನ ಬೆನ್ನ ಮೇಲೆ ಕೈಯಿಟ್ಟುಕೊಂಡು ಕೂತಿದ್ದಳು.

ಕಂಪ್ಯೂಟರ್ ಎರಡು ದಿನ ಬಿಟ್ಟು ಬಂತು. ಮೇಜು ತಂದೆವು, ಗೋಡೆಯಿಂದ ಒಂದು ಗೇಣು ಮುಂದಕ್ಕೆ ಇಟ್ಟೆವು. ಮನೆಗೆ ಬಂದ ಅತ್ತೆ ಬಾಗಿಲಲ್ಲೇ ನಿಂತು, "ಇದನ್ನ ತಂದಿಟ್ರೇನ್ರಿ ಇಲ್ಲಿ?" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ಮಾವ ಮಾತ್ರ ಒಳಗೆ ಬಂದು, ಅದರ ಹಿಂಬದಿಗೆ ಕೈ ಹಿಡಿದು, "ಭಾಳ ಬಿಸಿ ಗಾಳಿ ಬರ್ತದಲ್ರಿ" ಅಂದರು. "ಹೊರಗ ಬರಬೇಕಪ್ಪಾ, ಒಳಗ ಉಳದ್ರ ಕಷ್ಟ" ಎಂದು ಹೆಂಡತಿ ಹೇಳಿದಳು. ಮಾವ ಹೂಂಗುಟ್ಟಿ, ಚಹವನ್ನು ಆ ಕೋಣೆಯಲ್ಲೇ ಕೂತು ಕುಡಿದರು. ಅದಕ್ಕೆ ನಾನು ಅವರಿಗೆ ಈಗಲೂ ಋಣಿ.

ಮೊದಲ ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಆಡಲು ಕೂತೆವು. ಅವಳು ಆಡುವುದು, ನಾನು ಪಕ್ಕದಲ್ಲಿ ಕೂತು ನೋಡುವುದು. ಹೊರಗಿನ ಬಿಸಿಲು ಬರಬಾರದೆಂದು ಕಿಟಕಿಗೆ ಪರದೆ ಎಳೆದಿದ್ದೆ, ಬಾಗಿಲೂ ಹಾಕಿದ್ದೆ. ಹಾಕಿ ಹಾಕಿ ಅಭ್ಯಾಸವಾಗಿತ್ತು. ಸ್ವಲ್ಪ ಹೊತ್ತಿಗೆ ಫ್ಯಾನುಗಳ ಸದ್ದು ಏರಿತು. ಅಂಗಡಿಯಲ್ಲಿ ಒಂದು ಕಡೆ ನಿಂತಿದ್ದ ಅಂಕಿ ಇಲ್ಲಿ ಅದನ್ನು ದಾಟಿ ಮೇಲೆ ಹೋಗತೊಡಗಿತು.

"ಮೋಸ ಹೋದ್ವಾ?" ಅಂದೆ.

ಅವಳು ಅಂಗೈ ಹಿಡಿದು ನೋಡಿದಳು. "ಪೆಟ್ಟಿಗಿ ಬರೋಬರಿ ಅದ. ಅದೇನ್ ಮಾಡೀತು, ಖೋಲ್ಯಾನ ಗಾಳೀನ ಬಿಸಿ ಅದ. ಬಿಟ್ಟ ಗಾಳೀನ ಮತ್ತ ಎಳಕೊಳ್ಳಾಕತ್ತದ. ಬಾಗಿಲಾ ತಗೀ."

ಎದ್ದು ಬಾಗಿಲು ತೆಗೆದೆ. ಕಿಟಕಿಯನ್ನೂ ಸ್ವಲ್ಪ ಸರಿಸಿದೆ. ಹಜಾರದ ಕಡೆಯಿಂದ ಗಾಳಿ ಬಂದು ಕಿಟಕಿಯ ಪರದೆ ಅಲುಗಿತು. ಅಂಕಿ ಇಳಿಯುತ್ತದೋ ಎಂದು ಇಬ್ಬರೂ ಕಾದೆವು. ಇಳಿಯಿತು, ನಿಧಾನಕ್ಕೆ. ಅವಳು ಆಟವನ್ನು ನಿಲ್ಲಿಸಿ ಕೀಬೋರ್ಡಿನ ಮೇಲಿಂದ ಕೈ ತೆಗೆದಳು. ಕಂಪ್ಯೂಟರಿನ ಪರದೆಯ ಕಡೆಗೇ ನೋಡುತ್ತ ಕೇಳಿದಳು.

"ಹೆಂಗಿದ್ಲು ಆಕಿ?"

ನನಗೆ ತಕ್ಷಣ ಗೊತ್ತಾಯಿತು, ಯಾರೆಂದು. ಜನವರಿಯಿಂದ ಆ ಪ್ರಶ್ನೆಗೆ ಕಾದಿದ್ದೆ. ಅದು ಬರದಿರಲಿ ಎಂದೂ ಅಂದುಕೊಂಡಿದ್ದೆ.

"ಕೂದಲಿತ್ತು" ಅಂದೆ. "ಸುಮಾರಾಗಿ. ಕಪ್ಪಗೆ, ಒದ್ದೆಯಾಗಿ ಹಣೆಗೆ ಅಂಟಿಕೊಂಡಿತ್ತು. ಹುಬ್ಬು ಇನ್ನೂ ಸರಿಯಾಗಿ ಬಂದಿರಲಿಲ್ಲ. ಕೈ ಮುಷ್ಟಿ ಮಾಡಿಕೊಂಡಿದ್ದಳು."

"ಮಾರಿ?"

"ಮೂಗು ನಿಂದು. ನಿಮ್ಮಪ್ಪನೂ ಅದೇ ಅಂದರು. ಬಾಯಿ ಯಾರದೋ ಗೊತ್ತಾಗಲಿಲ್ಲ. ತುಟಿ ಬಣ್ಣ ಹೋಗಿತ್ತು. ಆದರೆ ನೋವಾದ ಹಾಗೆ ಇರಲಿಲ್ಲ ಮುಖ. ನಿದ್ದೆ ಮಾಡ್ತಿರೋ ಹಾಗೇ ಇತ್ತು ಅಂತ ಹೇಳಲ್ಲ, ಹಾಗಿರಲಿಲ್ಲ. ಸುಮ್ಮನೆ ಇದ್ದಳು."

"ಭಾರ ಇದ್ಲೇನು?"

"ಇಲ್ಲ. ಏನೂ ಇರಲಿಲ್ಲ. ಮಾವ ಎತ್ತಿಕೊಟ್ಟಾಗ ಬರೀ ಬಟ್ಟೆ ಕೊಟ್ಟ ಹಾಗಾಯ್ತು."

ಅವಳು ಕುರ್ಚಿಯಿಂದ ಇಳಿದು ನೆಲದ ಮೇಲೆ ಕೂತಳು. ಮಂಡಿಗೆ ಮುಖ ಒತ್ತಿಕೊಂಡು, ಹೊಟ್ಟೆಯಾಳದಿಂದ ಬರುವ ದನಿಯಲ್ಲಿ ಅತ್ತಳು. ಆಸ್ಪತ್ರೆಯಲ್ಲಿಯೂ ಹಾಗೆ ಅತ್ತಿರಲಿಲ್ಲ. ನಾನೂ ಕೆಳಗೆ ಕೂತೆ. "ನಾ ನೋಡಬೇಕಾಗಿತ್ತು. ನಾ ಯಾಕ ಮಾರಿ ತಿರುವಿದ್ನೋ" ಎಂದು ಮತ್ತೆ ಮತ್ತೆ ಅಂದಳು. ಪರವಾಗಿಲ್ಲ ಎನ್ನಬಹುದಿತ್ತು. ಅಂದಿದ್ದರೆ ಅದು ಸುಳ್ಳಾಗುತ್ತಿತ್ತು. ನಾನು ನೋಡಿದ್ದೆ, ಅವಳು ನೋಡಿರಲಿಲ್ಲ. ಇನ್ನು ಯಾವತ್ತೂ ನೋಡಲಾರಳು. ಗಂಡಹೆಂಡತಿಯ ನಡುವೆ ಇದೊಂದು ಸರಿಹೋಗುವಂಥದ್ದಲ್ಲ ಎಂದು ಅವತ್ತೇ ತಿಳಿಯಿತು.

ಆದರೂ ಆ ಬೇಸಿಗೆಯಲ್ಲಿ ನಾವು ಆಡಿದೆವು. ಕೆಲವು ದಿನ ಆಡುತ್ತಾ ಆಡುತ್ತಾ ಅವಳು ಇನ್ನೇನಾದರೂ ಕೇಳುತ್ತಿದ್ದಳು. ಮಣ್ಣು ಮಾಡಿದ ಜಾಗದಲ್ಲಿ ಮರವಿದೆಯೇ, ಅಪ್ಪ ಅತ್ತರೇ. ನನಗೆ ನೆನಪಿದ್ದಷ್ಟು ಹೇಳುತ್ತಿದ್ದೆ. ಕೆಲವು ದಿನ ಬರೀ ಆಟ.

ಮಳೆಗಾಲ ಶುರುವಾದ ಮೇಲೆ ಕಂಪ್ಯೂಟರಿನ ಹಿಂದಿನ ಫ್ಯಾನು ಗರಗರ ಸದ್ದು ಮಾಡತೊಡಗಿತು. ಅವಳು ಕೆಲಸದ ಮೇಲೆ ಚೆನ್ನೈಗೆ ಹೋಗಿದ್ದಳು. ನಾನೇ ಪೆಟ್ಟಿಗೆಯನ್ನು ಕಾರಿನಲ್ಲಿಟ್ಟುಕೊಂಡು ಆ ಅಂಗಡಿಗೆ ಹೋದೆ. ಅಂಗಡಿಯವರು ಗುರುತು ಹಿಡಿದರು. ಮುಂದಿನ ಜಾಲರಿ ಕಳಚಿ ನೋಡಿ, ಧೂಳಿನ ಪರದೆಯನ್ನು ಚೆನ್ನಾಗಿ ತೊಳೆದಿಟ್ಟಿದ್ದೀರಿ ಎಂದು ಮೆಚ್ಚಿಕೊಂಡರು. ಸ್ಕ್ರೂ ಬಿಚ್ಚುತ್ತ ಸಹಜವಾಗಿ ಕೇಳಿದರು: "ಮುಲಗೀ ಕಾಯ್ ಮ್ಹಣತೇ?" ಮಗಳು ಏನಂತಾಳೆ?

ಚೆನ್ನಾಗಿದ್ದಾಳೆ ಅಂದುಬಿಟ್ಟಿದ್ದರೆ ಆಗುತ್ತಿತ್ತು. ಅವರ ಮುಂದೆ ಅದನ್ನು ಹೇಳುವ ಹಕ್ಕು ನನ್ನ ಹೆಂಡತಿಗಿತ್ತು, ನನಗಿರಲಿಲ್ಲ ಅನ್ನಿಸಿತು. ನನ್ನ ಮುರುಕು ಮರಾಠಿಯಲ್ಲಿ ಹೇಳಿದೆ. ಮಗಳು ಇಲ್ಲ. ಜನವರಿಯಲ್ಲಿ ಹೋದಳು. ಹುಟ್ಟುವ ಮೊದಲೇ. ಅವತ್ತು ಹೆಂಡತಿ ಹೌದು ಅಂದದ್ದು, ಅವಳಿಗೆ ಹಾಗೆ ಅನ್ನಬೇಕು ಅನ್ನಿಸಿತ್ತು, ನೀವು ತಪ್ಪು ತಿಳಿಯಬೇಡಿ.

ಅವರು ಸ್ಕ್ರೂಡ್ರೈವರ್ ಕೆಳಗಿಟ್ಟರು. "ಬಸಾ" ಎಂದು ಸ್ಟೂಲು ತೋರಿಸಿದರು. ಕೂತೆ. ಹೊರಗೆ ಜೋರು ಮಳೆ, ಕೆಳಗಿನ ಬೀದಿಯಲ್ಲಿ ರಿಕ್ಷಾಗಳ ಸದ್ದು. ದೇವರ ಇಚ್ಛೆ ಎಂದೋ, ಇನ್ನೂ ವಯಸ್ಸಿದೆ ಮತ್ತೊಂದಾಗುತ್ತದೆ ಎಂದೋ ಅವರು ಹೇಳುತ್ತಾರೆಂದು ಕಾದಿದ್ದೆ. ಎಲ್ಲರೂ ಅದನ್ನೇ ಹೇಳಿದ್ದರು. ಅವರು ಕೇಳಿದ್ದು ಬೇರೆ.

"ನಾವ್ ಕಾಯ್ ಠೇವಲಂ ಹೋತಂ?" ಏನು ಹೆಸರಿಟ್ಟಿದ್ದಿರಿ?

ಇಟ್ಟಿರಲಿಲ್ಲ ಅಂದೆ. ಅವರು ತಲೆಯಾಡಿಸಿದರು. ಹೊಸ ಫ್ಯಾನು ಹಾಕಿದರು, ಓಡಿಸಿ ಸದ್ದಿಲ್ಲದ್ದನ್ನು ತೋರಿಸಿದರು, ಪೆಟ್ಟಿಗೆಗೆ ಪ್ಲಾಸ್ಟಿಕ್ ಹೊದಿಸಿ ಕೆಳಗೆ ಕಾರಿನವರೆಗೂ ನನ್ನ ಜೊತೆ ಹಿಡಿದುಕೊಂಡು ಬಂದರು. ಅವರ ಅಂಗಿ ಪೂರ್ತಿ ನೆನೆಯಿತು.

ಹೆಂಡತಿ ಬಂದ ದಿನ ಸಂಜೆ ಭಜಿ ಕರಿಯುತ್ತಿದ್ದಳು. ನಾನು ಅಡುಗೆಮನೆಯ ಕಟ್ಟೆಗೆ ಒರಗಿ ನಿಂತು ಎಲ್ಲವನ್ನೂ ಹೇಳಿದೆ. ಅಂಗಡಿಯವರಿಗೆ ನಿಜ ಹೇಳಿದ್ದಕ್ಕೆ ಬೈಯಬಹುದು ಎಂದುಕೊಂಡಿದ್ದೆ. ಬೈಯಲಿಲ್ಲ. ಗ್ಯಾಸ್ ಸಣ್ಣದು ಮಾಡಿದಳು.

"ಹೆಸರು ಕೇಳಿದ್ರಾ?"

"ಹೂಂ. ಇಟ್ಟಿರಲಿಲ್ಲ ಅಂದೆ."

ಅವಳು ತೂತಿನ ಸೌಟಿನಿಂದ ಭಜಿಗಳನ್ನು ಎತ್ತಿ ತಟ್ಟೆಗೆ ಹಾಕಿದಳು. "ನಾ ಇಟ್ಟಿದ್ನಿ" ಅಂದಳು. "ಐದನೇ ತಿಂಗಳದಾಗ. ಹೆಣ್ಣ ಆದ್ರ ಅಂತ. ಯಾರಿಗೂ ಹೇಳಿರಲಿಲ್ಲ, ಹೇಳಬಾರದಂತಲ್ಲ ಮೊದಲ. ನಾ ಒಬ್ಬಾಕಿನ ಇದ್ದಾಗ ಅದ ಹೆಸರಿಲೇ ಮಾತಾಡಸ್ತಿದ್ನಿ."

ಯಾವ ಹೆಸರು ಎಂದು ನಾನು ಕೇಳಿದೆ. ಹೇಳಿದಳು.

ಅದನ್ನು ಇಲ್ಲಿ ಬರೆಯುವುದಿಲ್ಲ. ಅದು ಎರಡಕ್ಷರದ ಹೆಸರು, ನನಗೆ ಹೊಳೆಯುತ್ತಿರಲಿಲ್ಲ, ನಾನು ಇಟ್ಟಿದ್ದರೆ ಬೇರೆ ಯಾವುದೋ ಇಡುತ್ತಿದ್ದೆ. ನಾನೂ ಒಮ್ಮೆ ಬಾಯಿಬಿಟ್ಟು ಹೇಳಿದೆ. ನನ್ನ ಉಚ್ಚಾರ ಸರಿಯಿಲ್ಲವೆಂದು ಅವಳು ತಿದ್ದಿದಳು. ಮತ್ತೊಮ್ಮೆ ಹೇಳಿದೆ. ಭಜಿ ಆರುತ್ತಿತ್ತು, ಹೊರಗೆ ಮಳೆ ನಿಂತಿರಲಿಲ್ಲ. ನಾವಿಬ್ಬರೂ ಕಟ್ಟೆಯ ಬಳಿ ನಿಂತೇ ತಿಂದೆವು.